ಬೊಟುಲಿನಂ ಟಾಕ್ಸಿನ್ ಮಾರುಕಟ್ಟೆಯ ಪೈಪೋಟಿ

ಮುಖದ ಸುಕ್ಕು ನಿವಾರಿಸುವ ಬೊಟುಲಿನಂ ಟಾಕ್ಸಿನ್ ಚುಚ್ಚುಮದ್ದಿನ ತಯಾರಕರ ನಡುವಿನ ಜಾಗತಿಕ ಸ್ಪರ್ಧೆ. 1989ರಲ್ಲಿ ಮೆಳ್ಳೆಗಣ್ಣಿನ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧವನ್ನು ಅಲರ್ಗನ್ ಕಂಪನಿ ಬೊಟಾಕ್ಸ್ ಹೆಸರಿನಲ್ಲಿ ಬೆಳೆಸಿತು. 2002ರಲ್ಲಿ ಹುಬ್ಬುಗಳ ನಡುವಿನ ಗೆರೆಗಳಿಗೂ ಅನುಮತಿ ದೊರೆಯಿತು. ಸೌಂದರ್ಯ ಚಿಕಿತ್ಸೆಯಲ್ಲಿ ಅಲ್ಲಿ ಅದಕ್ಕೆ ಎದುರಾಳಿ ಬಂದದ್ದು 2009ರಲ್ಲಿ, ಡಿಸ್ಪೋರ್ಟ್ ರೂಪದಲ್ಲಿ. 2011ರಲ್ಲಿ ಜರ್ಮನಿಯ ಮೆರ್ಟ್ಸ್ ಕಂಪನಿಯ ಕ್ಸಿಯೋಮಿನ್, 2022ರಲ್ಲಿ ಡ್ಯಾಕ್ಸಿಫೈ ಕಣಕ್ಕಿಳಿದವು. ಇದರ ನಡುವೆ, 2020ರಲ್ಲಿ, ಆಬ್‌ವೀ ಕಂಪನಿ ಅಲರ್ಗನ್ ಅನ್ನೇ ಕೊಂಡುಕೊಂಡಿತು.

ಪೈಪೋಟಿಯ ತೀವ್ರತೆ ಬೆಲೆಗಿಂತ ಹೆಚ್ಚಾಗಿ ತಯಾರಿಕೆಯ ಗುಟ್ಟಿನಲ್ಲಿದೆ ಎಂಬುದಕ್ಕೆ ದಕ್ಷಿಣ ಕೊರಿಯಾದ ಎರಡು ಕಂಪನಿಗಳ ವ್ಯಾಜ್ಯವೇ ಸಾಕ್ಷಿ. ತನ್ನ ಬ್ಯಾಕ್ಟೀರಿಯಾ ತಳಿಯನ್ನೂ ತಯಾರಿಕಾ ವಿಧಾನವನ್ನೂ ಡೇವೂಂಗ್ ಕದ್ದಿದೆ ಎಂದು ಮೆಡಿಟಾಕ್ಸ್ ಆರೋಪಿಸಿತು. ತಳಿ ಮಣ್ಣಿನಲ್ಲಿ ಸಿಕ್ಕಿದ್ದು ಎಂಬುದು ಡೇವೂಂಗ್ ವಾದ. ತಯಾರಿಕಾ ವಿಧಾನದ ಗುಟ್ಟು ಕದ್ದದ್ದು ಹೌದೆಂದ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ, 2020ರ ಡಿಸೆಂಬರ್‌ನಲ್ಲಿ ಡೇವೂಂಗ್ ತಯಾರಿಸಿ ಎವೋಲಸ್ ಮಾರುವ ಜೂವೋ ಔಷಧದ ಆಮದನ್ನು 21 ತಿಂಗಳು ನಿಷೇಧಿಸಿತು. ಎರಡೇ ತಿಂಗಳಲ್ಲಿ ಎವೋಲಸ್ ಹಣ ಮತ್ತು ರಾಯಧನ ಕೊಡಲು ಒಪ್ಪಿ ರಾಜಿಯಾಯಿತು.

ಔಷಧಗಳು ಒಂದೇ ವರ್ಗದವಾದರೂ ಅವುಗಳ ಯೂನಿಟ್‌ಗಳು ಸಮವಲ್ಲ. ಹುಬ್ಬುಗಳ ನಡುವಿನ ಗೆರೆಗಳಿಗೆ ಬೊಟಾಕ್ಸ್‌ನ ಅನುಮೋದಿತ ಪ್ರಮಾಣ 20 ಯೂನಿಟ್, ಡಿಸ್ಪೋರ್ಟ್‌ನದು 50. ಆದ್ದರಿಂದ ಯೂನಿಟ್ ದರವನ್ನಷ್ಟೇ ಹೋಲಿಸುವ ಜಾಹೀರಾತುಗಳು ಗ್ರಾಹಕರನ್ನು ದಾರಿ ತಪ್ಪಿಸುತ್ತವೆ. ಬ್ರ್ಯಾಂಡ್ ಬದಲಿಸುವ ವೈದ್ಯರು ಪ್ರಮಾಣವನ್ನು ಹೊಸದಾಗಿಯೇ ನಿರ್ಧರಿಸಬೇಕು. ಹಿಂದಿನ ಲೆಕ್ಕವನ್ನು ನೇರವಾಗಿ ಬಳಸುವುದು ಅಪಾಯಕರ.