ಸೂತ್ರಧಾರನ ಸಂತತಿ

1842ರಲ್ಲಿ ಹೊನ್ನಾವರದ ಸಮೀಪದ ಕರ್ಕಿಯ ಯಕ್ಷಗಾನ ಮೇಳವೊಂದು ಘಟ್ಟವನ್ನೇರಿ, ಕೃಷ್ಣಾತೀರದ ಸಾಂಗಲಿಯನ್ನು ಸೇರಿ, ಸಂಸ್ಥಾನಾಧಿಪತಿ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರ ಸಮ್ಮುಖದಲ್ಲಿ ಆಟವಾಡಿತು. ಆಟದ ಸೊಗಸನ್ನೂ ಒರಟನ್ನೂ ಕಂಡ ಅರಸರು, ಅಂಥದೊಂದನ್ನು ತಿದ್ದಿ ತೀಡಿ ಮರಾಠಿಯಲ್ಲಿ ರಚಿಸೆಂದು ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಅಪ್ಪಣೆಯಿತ್ತುದರ ಫಲವೇ 1843ರ ‘ಸೀತಾಸ್ವಯಂವರ’. ಮರಾಠಿಗರು ನವೆಂಬರ್ 5ನ್ನು ರಂಗಭೂಮಿ ದಿನವೆಂದು ಆಚರಿಸುವುದು ಅದರ ಸ್ಮರಣೆಗಾಗಿ.

ದೂರದರ್ಶನದ ನಿರೂಪಕರ ಚರಿತ್ರೆಯನ್ನು ಹೇಳಹೊರಟವನು ಇಷ್ಟು ಹಿಂದಕ್ಕೆ ಸರಿದುದೇಕೆಂದು ವಾಚಕರು ಕೇಳಬಹುದು. ಮಂಗಲಾಚರಣೆಯನ್ನು ಹಾಡಿ, ವಿದೂಷಕನೊಡನೆ ಸರಸವಾಡಿ, ಗಣಪತಿಯನ್ನೂ ನವಿಲನ್ನೇರಿದ ಸರಸ್ವತಿಯನ್ನೂ ಬರಮಾಡಿಕೊಂಡು, ಕಥೆಯ ಪದಗಳನ್ನೆಲ್ಲ ತಾನೇ ಹಾಡಿ, ಮಾತನ್ನು ಮಾತ್ರ ಪಾತ್ರಧಾರಿಗಳ ಸಮಯಸ್ಫೂರ್ತಿಗೆ ಬಿಟ್ಟುಕೊಡುತ್ತಿದ್ದ ಭಾವೆಯವರ ಸೂತ್ರಧಾರನಲ್ಲಿ, ತಾಳ ಹಿಡಿದ ನಮ್ಮ ಯಕ್ಷಗಾನದ ಭಾಗವತನ ಮುಖಚ್ಛಾಯೆ ಸ್ಪಷ್ಟವಾಗಿಯೇ ಇದೆ. ಕಥೆಗೂ ಸಭೆಗೂ ನಡುವೆ ನಿಂತು, ಎರಡಕ್ಕೂ ಸೇರಿಯೂ ಸೇರದಂತಿರುವ ಆ ವೃತ್ತಿಯೇ ಮುಂದೆ ನಿರೂಪಕನದಾಯಿತು.

ಧಾರವಾಡದಲ್ಲಿ 1950ರಲ್ಲಿಯೂ ಸಾಂಗಲಿಯಲ್ಲಿ 1963ರಲ್ಲಿಯೂ ಆಕಾಶವಾಣಿ ತಲೆಯೆತ್ತಿದಾಗ ಸೂತ್ರಧಾರನಿಗೆ ಕಂಠವೊಂದೇ ಉಳಿಯಿತು. 1972ರ ಅಕ್ಟೋಬರ್ 2ರಂದು ಮುಂಬಯಿ ದೂರದರ್ಶನವು ಆರಂಭವಾದಾಗ ಮರಾಠಿಯಲ್ಲಿ ಅವನಿಗೆ ಮುಖವೂ ಮರಳಿ ಬಂದಿತು. ಅಲ್ಲಿ ಮರಾಠಿ ವಾರ್ತೆಯನ್ನು ಓದುತ್ತಿದ್ದ ತರುಣಿ ಸ್ಮಿತಾ ಪಾಟೀಲರು, ಸಮಯವಾಯಿತೆಂದರೆ ತೊಟ್ಟ ಜೀನ್ಸ್‌ನ ಮೇಲೆಯೇ ಸೀರೆಯುಟ್ಟು ಕ್ಯಾಮೆರಾದ ಮುಂದೆ ಕೂರುತ್ತಿದ್ದರೆಂಬ ಮಾತು ಪ್ರಸಿದ್ಧವಾಗಿದೆ. ಚೌಕಿಯಲ್ಲಿ ವೇಷ ಕಟ್ಟುವವರಿಗೆ ಇದು ಹೊಸತೆನಿಸದು.

ಕನ್ನಡದ ದೂರದರ್ಶನವು 1981ರಲ್ಲಿ, ಬೆಂಗಳೂರು ಕೇಂದ್ರದೊಡನೆ ಹುಟ್ಟಿತೆಂದು ನಂಬುವವರುಂಟು. ಅದಕ್ಕೆ ಆರು ವರ್ಷ ಮೊದಲೇ, 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕೆಯ ಎಟಿಎಸ್-6 ಉಪಗ್ರಹದ ಮೂಲಕ ನಡೆದ ‘ಸೈಟ್’ ಪ್ರಯೋಗದಲ್ಲಿ, ಹೈದರಾಬಾದಿನಲ್ಲಿ ಸಿದ್ಧಗೊಂಡ ಕನ್ನಡ ಕಾರ್ಯಕ್ರಮಗಳನ್ನು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗರು ಗುಂಪುಗೂಡಿ ನೋಡಿದ್ದರು. ಆರಿಸಲಾದ ಆರು ರಾಜ್ಯಗಳಲ್ಲಿ ಮಹಾರಾಷ್ಟ್ರವು ಇರಲಿಲ್ಲವಾದುದರಿಂದ, ವಿಜಾಪುರಕ್ಕೆ ಹೊಂದಿಕೊಂಡೇ ಇದ್ದು ಕನ್ನಡವನ್ನೇ ಮನೆಮಾತಾಗಿ ಉಳ್ಳ ಸಾಂಗಲಿ ಜಿಲ್ಲೆಯ ಜತ್ತ ಸೀಮೆಯ ಊರುಗಳಿಗೆ ಆ ಭಾಗ್ಯವು ಒದಗಲಿಲ್ಲ.

ಮುಂದೆ ಉಪಗ್ರಹವಾಹಿನಿಗಳು ಆ ಗಡಿಗೆರೆಯನ್ನು ಅಳಿಸಿದುವು. ದೂರದರ್ಶನದ ಕನ್ನಡ ವಾಹಿನಿಯಾದ ಚಂದನದಲ್ಲಿ 2002ರಿಂದ ‘ಥಟ್ ಅಂತ ಹೇಳಿ’ಯನ್ನು ನಡೆಯಿಸಿಕೊಂಡು ಬಂದ ವೈದ್ಯ ನಾ. ಸೋಮೇಶ್ವರರು ಪ್ರಶ್ನೆಯನ್ನಿಟ್ಟು, ಸ್ಪರ್ಧಿಯ ಉತ್ತರಕ್ಕೆ ಕಾದು, ಸರಿಯಾದರೆ ಪುಸ್ತಕವೊಂದನ್ನು ಬಹುಮಾನವಾಗಿ ಕೊಡುವ ಪದ್ಧತಿಯಲ್ಲಿ, ಪದವನ್ನು ಹಾಡಿ ಮಾತನ್ನು ಎದುರಿನವನಿಗೆ ಬಿಟ್ಟುಕೊಡುವ ಭಾಗವತನ ಹಳೆಯ ಮರ್ಯಾದೆಯೇ ಕಾಣುತ್ತದೆ. ಸಾಂಗಲಿಯ ನೆರೆಯ ಮಿರಜದಲ್ಲಿ ತಲೆತಲಾಂತರದಿಂದ ತಂಬೂರಿ ಮಾಡುವ ಮನೆಗಳಿವೆ; ಸೋರೆಬುರುಡೆಗೆ ತಂತಿ ಬಿಗಿದು, ಸೇತುವೆಯ ಮೇಲೆ ನೂಲೆಳೆಯನ್ನು ಸರಿಸುತ್ತ ನಾದದ ಜೀವವನ್ನು ಹುಡುಕುವ ಆ ಕುಶಲಿಗಳಿಗೆ, ಶ್ರುತಿಯನ್ನು ತಾನು ಹಿಡಿದು ಹಾಡನ್ನು ಇನ್ನೊಬ್ಬರಿಗೆ ಬಿಡುವ ಈ ವಿದ್ಯೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.