ಕಾನೂನಿಗೆ ಬಣ್ಣ ಕಾಣಬಾರದು ಎಂದ ವಕೀಲ

1892ರ ಜೂನ್ 7ರಂದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಹೋಮರ್ ಪ್ಲೆಸ್ಸಿ ಎಂಬಾತ ಮೊದಲನೇ ದರ್ಜೆಯ ಟಿಕೆಟು ಪಡೆದು ರೈಲು ಹತ್ತಿದ. ಜೋಡು ಹೊಲಿಯುವುದು ಆತನ ಕಸುಬು. ಆತನ ವಂಶದಲ್ಲಿ ಎಂಟರಲ್ಲಿ ಏಳು ಪಾಲು ಬಿಳಿಯರು, ಒಂದು ಪಾಲು ಮಾತ್ರ ಕಪ್ಪು ಜನ. ನೋಡಿದವರು ಬಿಳಿಯನೆಂದೇ ತಿಳಿಯುವಂತಿದ್ದ. ಆದರೂ ಆತ ತಾನು ಕರಿಯನೆಂದು ಒಪ್ಪಿಕೊಂಡ. ಬಿಳಿಯರಿಗೆ ಮೀಸಲಾದ ಡಬ್ಬಿಯಿಂದ ಮಾತ್ರ ಏಳಲು ಒಪ್ಪಲಿಲ್ಲ. ಆತನನ್ನು ಬಂಧಿಸಲಾಯಿತು.

ಸರಿಯಾಗಿ ಒಂದು ವರ್ಷದ ನಂತರ, 1893ರ ಜೂನ್ 7ರ ರಾತ್ರಿ, ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಜ್‌ಬರ್ಗ್ ನಿಲ್ದಾಣದಲ್ಲಿ ಮೋಹನದಾಸ ಗಾಂಧಿ ಎಂಬ ತರುಣ ವಕೀಲರನ್ನು ರೈಲಿನಿಂದ ಹೊರದಬ್ಬಲಾಯಿತು. ಆ ಕಥೆ ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಪ್ಲೆಸ್ಸಿಯ ಬಂಧನದ ಹಿಂದೆಯೂ ಒಬ್ಬ ವಕೀಲನಿದ್ದ. ಆತನ ಹೆಸರು ಆತನ ದೇಶದಲ್ಲೇ ಬಹುಕಾಲ ಮರೆಯಾಗಿತ್ತು.

ಆತ ಆಲ್ಬಿಯನ್ ಟೂರ್ಜೆ. ಅಂತರ್ಯುದ್ಧದಲ್ಲಿ ಹೋರಾಡಿದ ಮಾಜಿ ಸೈನಿಕ, ಸಣ್ಣ ಊರಿನ ವಕೀಲ, ಕಾದಂಬರಿಕಾರ. ಪ್ಲೆಸ್ಸಿಯ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನವರೆಗೆ ಕೊಂಡೊಯ್ದ ಆತ ಅದಕ್ಕಾಗಿ ಬಿಡಿಗಾಸು ಶುಲ್ಕವನ್ನೂ ಪಡೆಯಲಿಲ್ಲ.

ರಣರಂಗದಿಂದ ಕೋರ್ಟಿಗೆ

ಟೂರ್ಜೆ ಹುಟ್ಟಿದ್ದು 1838ರ ಮೇ 2ರಂದು, ಓಹಿಯೊ ರಾಜ್ಯದ ವಿಲಿಯಮ್ಸ್‌ಫೀಲ್ಡ್‌ನಲ್ಲಿ. ಎಳೆಯ ವಯಸ್ಸಿನಲ್ಲೇ ಅಪಘಾತದಿಂದ ಒಂದು ಕಣ್ಣಿನ ದೃಷ್ಟಿ ಹೋಗಿತ್ತು. 1861ರಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ದೇಶ ಎರಡು ಹೋಳಾಗಿ ಯುದ್ಧ ಆರಂಭವಾದಾಗ ಉತ್ತರದ ಸೈನ್ಯ ಸೇರಿದ. ಅದೇ ಜುಲೈನಲ್ಲಿ ಬುಲ್ ರನ್ ಎಂಬಲ್ಲಿ ನಡೆದ ಮೊದಲ ದೊಡ್ಡ ಕಾಳಗದಲ್ಲಿ ಉತ್ತರದ ಸೈನ್ಯ ಸೋತು ಓಡುವಾಗ ಫಿರಂಗಿ ಬಂಡಿಯ ಚಕ್ರ ಬಡಿದು ಆತನ ಬೆನ್ನುಮೂಳೆಗೆ ಪೆಟ್ಟಾಯಿತು. ಕೆಲಕಾಲ ನಡೆಯಲೂ ಆಗಲಿಲ್ಲ. ಬೆನ್ನುನೋವು ಬದುಕಿಡೀ ಉಳಿಯಿತು.

ಮನೆಯಲ್ಲಿ ಮಲಗಿ ಕಾನೂನು ಓದಿದ. ಮೈ ಸ್ವಲ್ಪ ಚೇತರಿಸಿಕೊಂಡ ಕೂಡಲೇ 1862ರಲ್ಲಿ ಮತ್ತೆ ಸೈನ್ಯಕ್ಕೆ ಹೋದ. ಪೆರಿವಿಲ್ ಕದನದಲ್ಲಿ ಗಾಯಗೊಂಡ. 1863ರ ಆರಂಭದಲ್ಲಿ ಶತ್ರುಗಳಿಗೆ ಸೆರೆಸಿಕ್ಕು ತಿಂಗಳುಗಟ್ಟಲೆ ಬಂದಿಯಾಗಿದ್ದ. ಬಿಡುಗಡೆಯಾದ ಮೇಲೆ ಎಮ್ಮಾ ಕಿಲ್‌ಬೋರ್ನ್ ಎಂಬಾಕೆಯನ್ನು ಮದುವೆಯಾಗಿ ಪುನಃ ರಣರಂಗಕ್ಕೆ ಮರಳಿದ. ವರ್ಷದ ಕೊನೆಗೆ ದೇಹ ಸಹಕರಿಸದೆ ರಾಜೀನಾಮೆ ಕೊಡಬೇಕಾಯಿತು. ಮರುವರ್ಷ ವಕೀಲಿಯ ಸನ್ನದು ಪಡೆದ.

ಯುದ್ಧ ಮುಗಿದ ಮೇಲೆ, 1865ರಲ್ಲಿ, ಬೆಚ್ಚನೆಯ ಹವೆ ಹುಡುಕಿಕೊಂಡು ಆತ ದಕ್ಷಿಣದ ಉತ್ತರ ಕ್ಯಾರೊಲಿನಾ ರಾಜ್ಯದ ಗ್ರೀನ್ಸ್‌ಬೊರೊ ಎಂಬ ಸಣ್ಣ ಊರಿಗೆ ಬಂದು ನೆಲೆಸಿದ. ಸೋತ ಪ್ರಾಂತದಲ್ಲಿ ಗೆದ್ದ ಸೈನ್ಯದವನಿಗೆ ಸ್ವಾಗತ ಸಿಗುವುದು ಕಷ್ಟ. ಉತ್ತರದಿಂದ ಬಂದವರನ್ನು ಅಲ್ಲಿ ‘ಜೋಳಿಗೆ ಹೊತ್ತು ಬಂದವರು’ ಎಂಬರ್ಥದ ಮಾತಿನಿಂದ ಹಂಗಿಸುತ್ತಿದ್ದರು. ಬಿಡುಗಡೆ ಪಡೆದ ಗುಲಾಮರಿಗೂ ಮತದಾನದ ಹಕ್ಕು ಬೇಕು ಎನ್ನುತ್ತಿದ್ದ ಟೂರ್ಜೆಯ ಮೇಲಂತೂ ಸಿಟ್ಟು ಇಮ್ಮಡಿಯಾಯಿತು.

ಕೋರ್ಟಿನ ಎದುರಿನ ಮರ

1868ರಲ್ಲಿ ಆ ರಾಜ್ಯಕ್ಕೆ ಹೊಸ ಸಂವಿಧಾನ ಬರೆಯಲು ಸೇರಿದ ಸಭೆಗೆ ಟೂರ್ಜೆ ಆಯ್ಕೆಯಾದ. ಎಲ್ಲ ಮಕ್ಕಳಿಗೂ ಉಚಿತ ಶಾಲೆ, ಆಸ್ತಿಯಿಲ್ಲದವರಿಗೂ ಅಧಿಕಾರದ ಅವಕಾಶ, ಛಡಿಯೇಟು ಹಾಗೂ ಮೈಗೆ ಬರೆ ಹಾಕುವ ಶಿಕ್ಷೆಗಳ ರದ್ದತಿ, ಇವುಗಳಲ್ಲಿ ಆತನ ಪಾತ್ರ ದೊಡ್ಡದು. ಅದೇ ವರ್ಷ ಆತ ಎಂಟು ಜಿಲ್ಲೆಗಳ ವ್ಯಾಪ್ತಿಯ ನ್ಯಾಯಾಧೀಶನಾಗಿ ಚುನಾಯಿತನಾದ. ಅಲ್ಲಿ ನ್ಯಾಯಾಧೀಶರನ್ನು ಜನರೇ ಆರಿಸುವ ಪದ್ಧತಿಯೂ ಹೊಸ ಸಂವಿಧಾನದ್ದೇ.

ಆ ಜಿಲ್ಲೆಗಳಲ್ಲಿ ಆಗ ಕು ಕ್ಲುಕ್ಸ್ ಕ್ಲಾನ್ ಎಂಬ ಮುಸುಕುಧಾರಿಗಳ ಗುಂಪು ಬೇರೂರಿತ್ತು. 1870ರ ಫೆಬ್ರುವರಿಯಲ್ಲಿ ಗ್ರಹಾಂ ಎಂಬ ಊರಿನ ಕಪ್ಪು ಮುಖಂಡ ವಯಟ್ ಔಟ್‌ಲಾ ಎಂಬಾತನನ್ನು ಮನೆಯಿಂದ ಎಳೆದೊಯ್ದು, ಕೋರ್ಟಿನ ಚೌಕದಲ್ಲಿದ್ದ ಮರಕ್ಕೆ ನೇಣು ಹಾಕಿದರು. ಟೂರ್ಜೆ ಕೂತು ವಿಚಾರಣೆ ನಡೆಸುತ್ತಿದ್ದ ಕೋರ್ಟುಗಳಲ್ಲಿ ಅದೂ ಒಂದು. ಮೂರು ತಿಂಗಳಲ್ಲಿ ಆತನ ಗೆಳೆಯ, ರಾಜ್ಯ ಸೆನೆಟ್ ಸದಸ್ಯ ಜಾನ್ ಸ್ಟೀಫನ್ಸ್ ಎಂಬಾತನನ್ನು ಯಾನ್ಸಿವಿಲ್ ಊರಿನ ಕೋರ್ಟು ಕಟ್ಟಡದ ಒಳಗೇ ಕೊಂದರು.

ಔಟ್‌ಲಾ ಕೊಲೆಗಾರರ ಮೇಲೆ ಟೂರ್ಜೆ ಪಟ್ಟು ಹಿಡಿದು ಆರೋಪಪಟ್ಟಿ ತರಿಸಿದ. ಅಷ್ಟರಲ್ಲಿ ವಿರೋಧಿಗಳ ಕೈಗೆ ಹೋಗಿದ್ದ ಶಾಸನಸಭೆ ಕ್ಷಮಾದಾನದ ಕಾನೂನು ಮಾಡಿತು. ಆರೋಪಿಗಳು ಮನೆಗೆ ಹೋದರು. ಕ್ಲಾನ್ ವಿರುದ್ಧ ಸೈನ್ಯ ಕಳಿಸಿದ್ದ ರಾಜ್ಯಪಾಲ ಹೋಲ್ಡನ್‌ನನ್ನು 1871ರಲ್ಲಿ ಮಹಾಭಿಯೋಗದ ಮೂಲಕ ಪದಚ್ಯುತಗೊಳಿಸಲಾಯಿತು. ಯುದ್ಧದಲ್ಲಿ ಗೆದ್ದವರು ಶಾಂತಿಯಲ್ಲಿ ಸೋತಿದ್ದರು.

ಮೂರ್ಖನ ಮನೆ

1879ರಲ್ಲಿ ಟೂರ್ಜೆ ದಕ್ಷಿಣ ಬಿಟ್ಟ. ಅದೇ ವರ್ಷ ‘ಎ ಫೂಲ್ಸ್ ಎರಂಡ್’ ಎಂಬ ಕಾದಂಬರಿ ಹೊರಬಂತು. ಲೇಖಕನ ಹೆಸರಿನ ಜಾಗದಲ್ಲಿ ‘ಮೂರ್ಖರಲ್ಲಿ ಒಬ್ಬ’ ಎಂದಷ್ಟೇ ಇತ್ತು. ದಕ್ಷಿಣವನ್ನು ತಿದ್ದಲು ಹೊರಟ ಮಾಜಿ ಸೈನಿಕನೊಬ್ಬನ ಕಥೆಯದು. ಯಾರ ಕಥೆಯೆಂದು ಊಹಿಸುವುದು ಕಷ್ಟವಿರಲಿಲ್ಲ. ಪುಸ್ತಕ ಭಾರಿ ಸಂಖ್ಯೆಯಲ್ಲಿ ಮಾರಾಟವಾಯಿತು. ಬಂದ ಹಣದಲ್ಲಿ ನ್ಯೂಯಾರ್ಕ್ ರಾಜ್ಯದ ಮೇವಿಲ್ ಎಂಬ ಪುಟ್ಟ ಊರಿನಲ್ಲಿ ಮನೆ ಮಾಡಿದ. ಅದಕ್ಕೆ ಇಟ್ಟ ಹೆಸರು ‘ಥೋರ್‌ಹೈಮ್’, ಅಂದರೆ ಮೂರ್ಖನ ಮನೆ. ಮುಂದೆ ಆರಂಭಿಸಿದ ವಾರಪತ್ರಿಕೆ 1884ರಲ್ಲಿ ಮುಳುಗಿ ತಲೆಯ ಮೇಲೆ ಸಾಲ ಹೊರಿಸಿತು.

1888ರಿಂದ ಷಿಕಾಗೊದ ಪತ್ರಿಕೆಯೊಂದರಲ್ಲಿ ಆತ ಅಂಕಣ ಬರೆಯತೊಡಗಿದ. ಕಪ್ಪು ಜನರ ಮೇಲಿನ ದೌರ್ಜನ್ಯವನ್ನು ಅದರಲ್ಲಿ ಹೆಸರಿಟ್ಟು ಖಂಡಿಸುತ್ತಿದ್ದ. 1890ರಲ್ಲಿ ಲೂಯಿಸಿಯಾನಾ ರಾಜ್ಯ ರೈಲಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಡಬ್ಬಿ ಕಡ್ಡಾಯ ಮಾಡಿದಾಗ, ನ್ಯೂ ಆರ್ಲಿಯನ್ಸ್‌ನ ನಾಗರಿಕರ ಸಮಿತಿಯವರು ನೆರವು ಕೇಳಿದ್ದು ಟೂರ್ಜೆಯನ್ನೇ. ಪ್ಲೆಸ್ಸಿ ರೈಲು ಹತ್ತಿದ್ದು ಸಮಿತಿಯ ಯೋಜನೆಯ ಪ್ರಕಾರ. ಬಿಳಿಯನಂತೆ ಕಾಣುವವನೇ ಹತ್ತಬೇಕೆಂಬುದು ಟೂರ್ಜೆಯ ಸಲಹೆ. ಬಣ್ಣ ಯಾವುದೆಂದು ಟಿಕೆಟು ನೋಡುವ ಕಂಡಕ್ಟರು ತೀರ್ಮಾನಿಸುವ ಕಾನೂನು ಎಷ್ಟು ಹಾಸ್ಯಾಸ್ಪದ ಎಂಬುದು ಎಲ್ಲರಿಗೂ ಕಾಣಲಿ ಎಂಬುದು ಉದ್ದೇಶ.

ಏಳಕ್ಕೆ ಒಂದು

ಪ್ಲೆಸ್ಸಿ ವಿರುದ್ಧ ಫರ್ಗುಸನ್ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಗೆ ಬಂದದ್ದು 1896ರ ಏಪ್ರಿಲ್ 13ರಂದು. ಟೂರ್ಜೆಯ ವಾದದ ಒಂದು ಅಂಶ ಇಂದಿಗೂ ಓದಬೇಕಾದದ್ದು. ಬಿಳಿಯರ ಮಗುವನ್ನು ಎತ್ತಿಕೊಂಡ ಕಪ್ಪು ಆಯಾಗೆ ಬಿಳಿಯರ ಡಬ್ಬಿಯಲ್ಲಿ ಕೂರಲು ಆ ಕಾನೂನು ವಿನಾಯಿತಿ ಕೊಟ್ಟಿತ್ತು. ಹಾಗಾದರೆ ಅಡ್ಡಿ ಚರ್ಮದ ಬಣ್ಣದ್ದಲ್ಲ. ಸೇವಕಿಯಾಗಿ ಬಂದರೆ ಸಹಿಸುತ್ತೀರಿ, ಸಮಾನಳಾಗಿ ಬಂದರೆ ಸಹಿಸುವುದಿಲ್ಲ ಎಂದು ಆತ ಬಯಲಿಗೆಳೆದ. ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿರುವಾಗ ಆಕೆಯ ಮಗಳಾದ ಕಾನೂನು ಬಣ್ಣಗುರುಡಾದರೂ ಆಗಿರಬೇಕಲ್ಲವೇ ಎಂದು ಕೇಳಿದ. ಅಸ್ಪೃಶ್ಯತೆಯನ್ನು ಕಂಡ ನಮ್ಮ ಸಮಾಜಕ್ಕೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇ 18ರಂದು ತೀರ್ಪು ಬಂತು. ಏಳು ನ್ಯಾಯಮೂರ್ತಿಗಳು ವಿರುದ್ಧ, ಒಬ್ಬರು ಮಾತ್ರ ಪರ. ಸೌಲಭ್ಯ ಸಮಾನವಾಗಿದ್ದರೆ ಬೇರೆ ಕೂರಿಸುವುದು ತಪ್ಪಲ್ಲ ಎಂಬ ತತ್ವಕ್ಕೆ ಅದರಿಂದ ಮುದ್ರೆ ಬಿತ್ತು. ಭಿನ್ನಮತ ಬರೆದ ನ್ಯಾಯಮೂರ್ತಿ ಜಾನ್ ಹಾರ್ಲನ್ ತಾವೇ ಹಿಂದೆ ಗುಲಾಮರನ್ನು ಇಟ್ಟುಕೊಂಡಿದ್ದವರು. ನಮ್ಮ ಸಂವಿಧಾನ ಬಣ್ಣಗುರುಡು, ಇಲ್ಲಿ ಜಾತಿಯೆಂಬುದಿಲ್ಲ ಎಂದು ಅವರು ಬರೆದರು. ಪ್ಲೆಸ್ಸಿ 1897ರ ಜನವರಿಯಲ್ಲಿ 25 ಡಾಲರ್ ದಂಡ ತೆತ್ತ.

ಪೀಠದಲ್ಲಿ ತಮ್ಮ ಪರ ಇರುವವರು ವಿರಳ ಎಂಬುದು ಟೂರ್ಜೆಗೆ ಮೊದಲೇ ಗೊತ್ತಿತ್ತು. ಜನಾಭಿಪ್ರಾಯ ಬದಲಾಗುವವರೆಗೆ ವಿಚಾರಣೆ ತಡವಾದರೇ ಒಳಿತೆಂದು 1893ರಲ್ಲೇ ಸೂಚಿಸಿದ್ದ. ಹೋರಾಡದೆ ಸುಮ್ಮನಿದ್ದಿದ್ದರೆ ಪ್ರತ್ಯೇಕತೆಗೆ ಸುಪ್ರೀಂ ಕೋರ್ಟಿನ ಒಪ್ಪಿಗೆಯಾದರೂ ಸಿಗುತ್ತಿರಲಿಲ್ಲ ಎನ್ನಬಹುದು. ಆದರೆ ಹೋರಾಡದಿದ್ದರೆ ಹಾರ್ಲನ್‌ರ ಭಿನ್ನಮತವೂ ದಾಖಲೆಯಲ್ಲಿ ಉಳಿಯುತ್ತಿರಲಿಲ್ಲ. 58 ವರ್ಷಗಳ ನಂತರ, 1954ರಲ್ಲಿ, ಶಾಲೆಗಳ ವಿಷಯದಲ್ಲಿ ಅದೇ ನ್ಯಾಯಾಲಯ ಸರ್ವಾನುಮತದಿಂದ ಆ ತತ್ವವನ್ನು ತಳ್ಳಿಹಾಕಿತು.

ಅದನ್ನು ನೋಡಲು ಟೂರ್ಜೆ ಇರಲಿಲ್ಲ. 1897ರಲ್ಲಿ ಫ್ರಾನ್ಸಿನ ಬೋರ್ಡೊ ನಗರಕ್ಕೆ ಅಮೆರಿಕದ ಕಾನ್ಸಲ್ ಆಗಿ ಹೋದ ಆತ 1905ರ ಮೇ 21ರಂದು ಅಲ್ಲೇ ತೀರಿಕೊಂಡ. ಚಿತಾಭಸ್ಮವನ್ನು ಮೇವಿಲ್‌ಗೆ ತಂದು ಹೂಳಲಾಯಿತು. 1960ರ ಫೆಬ್ರುವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಅಂಗಡಿಯೊಂದರಲ್ಲಿ ಬಿಳಿಯರಿಗೆ ಮೀಸಲಾದ ಊಟದ ಕಟ್ಟೆಯ ಮುಂದೆ ಕುಳಿತು ಏಳಲು ಒಪ್ಪಲಿಲ್ಲ. ಆ ಸತ್ಯಾಗ್ರಹ ದಕ್ಷಿಣದ ಊರೂರಿಗೂ ಹಬ್ಬಿತು. ಅದು ನಡೆದ ಊರು ಗ್ರೀನ್ಸ್‌ಬೊರೊ, ಟೂರ್ಜೆ ಬಿಟ್ಟುಹೋಗಬೇಕಾಗಿ ಬಂದ ಅದೇ ಊರು. ಇನ್ನು ಪ್ಲೆಸ್ಸಿಯ ಹೆಸರಿಗಂಟಿದ ಅಪರಾಧವನ್ನು ಲೂಯಿಸಿಯಾನಾದ ರಾಜ್ಯಪಾಲರು ಮನ್ನಿಸಿದ್ದು 2022ರ ಜನವರಿ 5ರಂದು, ತೀರ್ಪು ಬಂದು 125 ವರ್ಷ ದಾಟಿದ ಮೇಲೆ.