ಕ್ರೂಸ್ ನಿಂತ ಒಂದು ದಿನಕ್ಕೆ ವಿದೇಶದಲ್ಲಿ ಕಾರು ಬಾಡಿಗೆ: ಐಡಿಪಿ, ಡೆಪಾಸಿಟ್, ದಂಡ, ಹಡಗಿನ ಸಮಯ; ಬುಕ್ ಮಾಡುವ ಮುನ್ನ ಇದನ್ನು ಓದಿ

ಮೆಡಿಟರೇನಿಯನ್ ಕ್ರೂಸ್ ಟಿಕೆಟ್‌ನಲ್ಲಿ 'ಫ್ಲಾರೆನ್ಸ್' ಎಂದು ಬರೆದಿರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಹಡಗು ನಿಂತಿರುವುದು ಲಿವೊರ್ನೊ ಎಂಬ ಬಂದರಿನಲ್ಲಿ. ಅಲ್ಲಿಂದ ಫ್ಲಾರೆನ್ಸ್‌ಗೆ ಸುಮಾರು 90 ಕಿ.ಮೀ. 'ರೋಮ್' ಎಂದಿದ್ದರೂ ಕಥೆ ಇದೇ. ಇಳಿಯುವುದು ಚಿವಿಟಾವೆಕ್ಕಿಯಾದಲ್ಲಿ, ರೋಮ್ ಅಲ್ಲಿಂದ 70-80 ಕಿ.ಮೀ. ದೂರ. ಹಡಗಿನವರ ಬಸ್ ಟೂರ್ ದುಬಾರಿ, ನಾಲ್ಕು ಜನರ ಕುಟುಂಬಕ್ಕಂತೂ ಲೆಕ್ಕ ಜೋರಾಗಿಯೇ ಬೀಳುತ್ತದೆ. ಹಾಗಾಗಿ 'ಒಂದು ದಿನಕ್ಕೆ ಕಾರು ತೆಗೆದುಕೊಂಡು ನಾವೇ ಹೋಗಿ ಬರೋಣ' ಎಂಬ ಯೋಚನೆ ಬರುವುದು ಸಹಜ.

ಆಗದ ಮಾತೇನಲ್ಲ. ಆದರೆ ಊರಲ್ಲಿ ಸೆಲ್ಫ್ ಡ್ರೈವ್ ಕಾರು ತೆಗೆದುಕೊಂಡು ಲೋನಾವಳಾಕ್ಕೋ ಮಹಾಬಲಿಪುರಕ್ಕೋ ಹೋಗಿ ಬಂದಷ್ಟು ಸಲೀಸಲ್ಲ. ತಡವಾದರೆ ಹಡಗು ಹೊರಟುಹೋಗುತ್ತದೆ. ದಾಖಲೆ ಸರಿಯಿಲ್ಲದಿದ್ದರೆ ವಿಮೆ ಕೈಕೊಡಬಹುದು. ಎಲ್ಲ ಮುಗಿದು ಮನೆಗೆ ಬಂದ ಎಷ್ಟೋ ತಿಂಗಳ ಮೇಲೆ ದಂಡದ ಪತ್ರ ಬರುವುದೂ ಉಂಟು. ಲಿವೊರ್ನೊ ಬಂದರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಡೀ ವ್ಯವಹಾರ ಹೇಗೆ ನಡೆಯುತ್ತದೆ ಎಂಬ ವಿವರ ಇಲ್ಲಿದೆ. ಭಾರತೀಯರು ಹೆಚ್ಚಾಗಿ ಹೋಗುವ ಪೆನಾಂಗ್, ದುಬೈ, ಶ್ರೀಲಂಕಾದ ಬಂದರುಗಳ ವಿಷಯವೂ ಕೊನೆಯಲ್ಲಿದೆ.

ಮೊದಲು ಐಡಿಪಿ

ಐಡಿಪಿ ಅಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಇದು ಹೊಸ ಲೈಸೆನ್ಸ್ ಅಲ್ಲ, ನಿಮ್ಮ ಭಾರತೀಯ ಡಿಎಲ್‌ಗೆ ಅಂತಾರಾಷ್ಟ್ರೀಯ ಮಾನ್ಯತೆ ಕೊಡುವ ಕಿರುಪುಸ್ತಕ. 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಭಾರತ ಸೇರಿರುವುದರಿಂದ ಆ ಒಪ್ಪಂದದ ಇತರ ದೇಶಗಳಲ್ಲಿ ಇದು ನಡೆಯುತ್ತದೆ. ಇಟಲಿಯೂ ಅದರಲ್ಲಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2022ರ ಆಗಸ್ಟ್‌ನಲ್ಲಿ ದೇಶದಾದ್ಯಂತ ಐಡಿಪಿಗೆ ಒಂದೇ ಮಾದರಿ ನಿಗದಿ ಮಾಡಿತು. ಡಿಎಲ್ ಜತೆ ಜೋಡಿಸುವ ಕ್ಯೂಆರ್ ಕೋಡ್ ಕೂಡ ಆಗಲೇ ಬಂತು.

ಅರ್ಜಿ ಹಾಕುವುದು ಪರಿವಾಹನ್ ಪೋರ್ಟಲ್‌ನ ಸಾರಥಿ ವಿಭಾಗದಲ್ಲಿ ಅಥವಾ ನೇರವಾಗಿ ಆರ್‌ಟಿಒದಲ್ಲಿ. ಫಾರ್ಮ್ 4ಎ, ಡಿಎಲ್, ಪಾಸ್‌ಪೋರ್ಟ್, ವೀಸಾ ಬೇಕಾದ ದೇಶವಾದರೆ ವೀಸಾ ಪ್ರತಿ, ಫೋಟೊ ಬೇಕು. ಶುಲ್ಕ 1000 ರೂಪಾಯಿ. ಗರಿಷ್ಠ ಒಂದು ವರ್ಷ ನಡೆಯುತ್ತದೆ. ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇಲ್ಲೊಂದು ತೊಡಕು ಬರಬಹುದು. ಡಿಎಲ್ ಹುಬ್ಬಳ್ಳಿಯದ್ದೋ ಮಂಗಳೂರಿನದ್ದೋ ಆಗಿದ್ದು, ವಾಸ ಬೇರೆ ರಾಜ್ಯದಲ್ಲಿದ್ದರೆ ವಿಳಾಸ ಬದಲಾವಣೆ ಮಾಡಿಸಬೇಕೇ ಎಂದು ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ. ಹಳೆಯ ಪುಸ್ತಕದ ಮಾದರಿಯ ಡಿಎಲ್ ಇದ್ದರೆ ಅದು ಸಾರಥಿಯಲ್ಲಿ ಸಿಗುತ್ತದೆಯೇ ಎಂದೂ ನೋಡಿಕೊಳ್ಳಿ. ಪ್ರಯಾಣಕ್ಕೆ ಒಂದು ವಾರ ಇರುವಾಗ ಶುರು ಮಾಡುವ ಕೆಲಸ ಇದಲ್ಲ.

ಆನ್‌ಲೈನ್‌ನಲ್ಲಿ 'ಇಂಟರ್‌ನ್ಯಾಷನಲ್ ಲೈಸೆನ್ಸ್' ಎಂದು ಡಾಲರ್ ಲೆಕ್ಕದಲ್ಲಿ ಮಾರುವ ಕಾರ್ಡ್‌ಗಳಿವೆ. ನೋಡಲು ಚೆನ್ನಾಗಿರುತ್ತವೆ, ಕಾನೂನಿನ ಬೆಲೆ ಇಲ್ಲ. ಇನ್ನು ಅಸಲಿ ಐಡಿಪಿ ಇದ್ದರೂ ಮೂಲ ಡಿಎಲ್ ಜತೆಗೆ ಇರಲೇಬೇಕು. ಡಿಜಿಲಾಕರ್ ನಮ್ಮ ಟ್ರಾಫಿಕ್ ಪೊಲೀಸರಿಗೆ ಸಾಕು, ಲಿವೊರ್ನೊದ ಕೌಂಟರ್‌ನಲ್ಲಿ ಅದನ್ನು ನಂಬಿಕೊಳ್ಳಬೇಡಿ.

ಕೆಲವು ಬಾಡಿಗೆ ಕಂಪನಿಗಳು ಡಿಎಲ್ ಇಂಗ್ಲಿಷ್‌ನಲ್ಲಿದೆ ಎಂದು ಐಡಿಪಿ ಕೇಳದೆಯೇ ಕೀ ಕೊಟ್ಟುಬಿಡುತ್ತವೆ. ಅದನ್ನು ಅನುಕೂಲ ಎಂದುಕೊಳ್ಳಬೇಡಿ. ಕೀ ಕೊಡುವುದು ಕಂಪನಿ, ದಾರಿಯಲ್ಲಿ ನಿಲ್ಲಿಸುವುದು ಪೊಲೀಸರು. ಅಪಘಾತವಾದರೆ ದಾಖಲೆ ಪರಿಶೀಲಿಸುವುದು ವಿಮಾ ಕಂಪನಿ.

ಕೈಗೆ ಸಿಗುವುದು ಆರು ಗಂಟೆ

ಹಡಗು ಬೆಳಗ್ಗೆ 7ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದೆ ಎಂದಿಟ್ಟುಕೊಳ್ಳಿ. ಹನ್ನೊಂದು ಗಂಟೆ ಇದೆಯಲ್ಲ ಎನಿಸುತ್ತದೆ. ಲೆಕ್ಕ ಹಾಕಿ ನೋಡಿ. ಸ್ಥಳೀಯ ಅಧಿಕಾರಿಗಳ ಅನುಮತಿ ಸಿಕ್ಕಿ ಜನ ಇಳಿಯುವಾಗ 8 ಆಗಿರುತ್ತದೆ. ಲಿವೊರ್ನೊ ಸರಕು ಬಂದರು. ಕಂಟೇನರ್, ಟ್ರಕ್‌ಗಳ ನಡುವೆ ನಡೆದು ಹೊರಬರಲು ಬಿಡುವುದಿಲ್ಲ, ಶಟಲ್ ಬಸ್ ಹಿಡಿದು ಊರೊಳಗೆ ಹೋಗಬೇಕು. ಬಾಡಿಗೆ ಕಚೇರಿ ತಲುಪುವಾಗ 9. ನಿಮ್ಮ ಹಡಗಿನದ್ದೇ ಇನ್ನೂ ನಾಲ್ಕು ಕುಟುಂಬ ಅಲ್ಲಿ ಸಾಲಿನಲ್ಲಿರಬಹುದು. ಕಾಗದಪತ್ರ, ಕಾರಿನ ಪರಿಶೀಲನೆ ಮುಗಿಸಿ ಹೊರಡುವಾಗ 9.30.

ಇನ್ನು ಹಿಂದಿರುಗುವ ಲೆಕ್ಕ. ಹೊರಡುವ ಸಮಯ 6 ಎಂದರೆ 'ಎಲ್ಲರೂ ಹಡಗಿನಲ್ಲಿರಬೇಕು' ಎಂಬ ಗಡುವು 5.30 ಅಥವಾ 5 ಗಂಟೆ. ಶಟಲ್, ಭದ್ರತಾ ತಪಾಸಣೆ, ಪೆಟ್ರೋಲ್ ಬಂಕ್, ಟ್ರಾಫಿಕ್ ಎಲ್ಲ ಸೇರಿ ಎರಡು ಗಂಟೆಯನ್ನಾದರೂ ಕೈಯಲ್ಲಿಟ್ಟುಕೊಳ್ಳಬೇಕು. ಅಂದರೆ 3.30ಕ್ಕೆ ಕಾರು ವಾಪಸ್. ನಿಮ್ಮ ಪಾಲಿಗೆ ಉಳಿದದ್ದು ಆರು ಗಂಟೆ.

ಹಡಗಿನವರೇ ನಡೆಸುವ ಟೂರ್ ಬಸ್ ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ಕರೆದೊಯ್ಯುತ್ತಾರೆ. ಸ್ವಂತವಾಗಿ ಹೋದವರಿಗೆ ಈ ಸೌಲಭ್ಯವಿಲ್ಲ. ಬಸ್ ಟೂರ್‌ನ ಬೆಲೆಯಲ್ಲಿ ಒಂದು ಪಾಲು ಈ ಭರವಸೆಗೇ ಕೊಡುವ ಹಣ, ಬೆಲೆ ಹೋಲಿಸುವಾಗ ಇದನ್ನೂ ಸೇರಿಸಬೇಕು. ಇನ್ನೊಂದು ವಿಷಯ, ಕೆಲವು ಹಡಗುಗಳಲ್ಲಿ 'ಹಡಗಿನ ಸಮಯ'ವೂ ದಡದ ಸಮಯವೂ ಬೇರೆಯಾಗಿರುತ್ತವೆ. ಫೋನ್ ದಡದ ಗಂಟೆಗೆ ತಾನಾಗಿಯೇ ಬದಲಾಗುತ್ತದೆ. ಗಡುವು ಯಾವ ಗಡಿಯಾರದ್ದು ಎಂದು ಇಳಿಯುವಾಗಲೇ ಕೇಳಿಕೊಳ್ಳಿ.

ಹಡಗು ತಪ್ಪಿದರೆ ಮೊದಲು ಕರೆ ಮಾಡಬೇಕಾದದ್ದು ಬಂದರಿನ ಏಜೆಂಟ್‌ಗೆ. ಆ ನಂಬರ್ ಹಡಗಿನವರು ದಿನವೂ ಕೊಡುವ ಕಾರ್ಯಕ್ರಮ ಪಟ್ಟಿಯಲ್ಲಿ ಇರುತ್ತದೆ, ಫೋಟೊ ತೆಗೆದಿಟ್ಟುಕೊಳ್ಳಿ. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ದೊಡ್ಡ ಪ್ರಶ್ನೆ ವೀಸಾದ್ದು. ಮುಂದಿನ ಬಂದರು ಚಿವಿಟಾವೆಕ್ಕಿಯಾ ಆಗಿದ್ದರೆ ಲಿವೊರ್ನೊದಿಂದ ಕರಾವಳಿಯುದ್ದಕ್ಕೂ ರೈಲಿದೆ, ಷೆಂಗೆನ್ ವೀಸಾ ಇದ್ದೇ ಇರುತ್ತದೆ, ಬಚಾವು. ಮುಂದಿನ ನಿಲ್ದಾಣ ಷೆಂಗೆನ್ ಹೊರಗಿನ ದೇಶವಾದರೆ ವಿಮಾನದಲ್ಲಿ ಹೋಗಿ ಸೇರಿಕೊಳ್ಳಲು ಆ ದೇಶದ ವೀಸಾ ಬೇಕಾಗಬಹುದು. ಕೆಲವು ಹಡಗುಗಳು ಪಾಸ್‌ಪೋರ್ಟ್‌ಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳುತ್ತವೆ. ಬಾಡಿಗೆ ಕೌಂಟರ್‌ನಲ್ಲಿ ಮೂಲ ಪಾಸ್‌ಪೋರ್ಟ್ ಕೇಳುವುದರಿಂದ ಹಿಂದಿನ ದಿನವೇ ರಿಸೆಪ್ಷನ್‌ನಲ್ಲಿ ಕೇಳಿ ಪಡೆದುಕೊಳ್ಳಬೇಕು.

ಕಾರ್ಡ್ ಮತ್ತು ಡೆಪಾಸಿಟ್

ಕೌಂಟರ್‌ನಲ್ಲಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಬಾಡಿಗೆಯನ್ನು ಮೊದಲೇ ಕಟ್ಟಿದ್ದರೂ ಡೆಪಾಸಿಟ್‌ಗಾಗಿ ನೂರಾರು ಯೂರೊ ಕಾರ್ಡ್‌ನಲ್ಲಿ ಬ್ಲಾಕ್ ಮಾಡುತ್ತಾರೆ. ದೊಡ್ಡ ಕಾರಾದರೆ ಸಾವಿರ ಯೂರೊ ದಾಟುವುದೂ ಇದೆ. ಅದು ಕ್ರೆಡಿಟ್ ಕಾರ್ಡೇ ಆಗಬೇಕು, ಕಾರು ಓಡಿಸುವವರ ಹೆಸರಿನಲ್ಲೇ ಇರಬೇಕು. ಗಂಡನ ಹೆಸರಲ್ಲಿ ಬುಕಿಂಗ್, ಹೆಂಡತಿಯ ಕಾರ್ಡ್ ಎಂದರೆ ಬಹಳ ಕಡೆ ಒಪ್ಪುವುದಿಲ್ಲ. ಡೆಬಿಟ್ ಕಾರ್ಡ್, ಪ್ರಿಪೇಯ್ಡ್ ಫಾರೆಕ್ಸ್ ಕಾರ್ಡ್‌ಗಳಿಗೂ ಅನೇಕ ಕಂಪನಿಗಳು ತಲೆಯಾಡಿಸುವುದಿಲ್ಲ. ಆರ್‌ಬಿಐ ನಿಯಮದಂತೆ 2020ರಿಂದ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಬಂದ್ ಆಗಿಯೇ ಬರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ, ಮಿತಿಯನ್ನೂ ಏರಿಸಿ ಹೊರಡಿ. ಬ್ಲಾಕ್ ಆದ ಹಣ ಕಾರು ಕೊಟ್ಟ ದಿನವೇ ಬಿಡುಗಡೆಯಾಗುವುದಿಲ್ಲ, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಉಳಿದ ಪ್ರವಾಸದ ಖರ್ಚಿಗೆ ಇನ್ನೊಂದು ಕಾರ್ಡ್ ಬೇಕೇ ಬೇಕು. ಮೆಷಿನ್ 'ರೂಪಾಯಿಯಲ್ಲಿ ಕಟ್ಟುತ್ತೀರಾ' ಎಂದು ಕೇಳಿದರೆ ಯೂರೊವನ್ನೇ ಆರಿಸಿ. ರೂಪಾಯಿ ಆರಿಸಿದರೆ ವಿನಿಮಯ ದರ ಅವರು ಹೇಳಿದ್ದೇ ಆಗುತ್ತದೆ.

ಇಟಲಿಯಲ್ಲಿ ಥರ್ಡ್ ಪಾರ್ಟಿ ವಿಮೆ ಬಾಡಿಗೆಯಲ್ಲೇ ಸೇರಿರುತ್ತದೆ. ಕಾರಿಗೆ ಆಗುವ ಹಾನಿಗೂ ಸಾಮಾನ್ಯವಾಗಿ ವಿಮೆ ಇರುತ್ತದೆ, ಆದರೆ ಒಂದು ಮೊತ್ತದವರೆಗೆ ನೀವೇ ಭರಿಸಬೇಕು. ಆ ಮೊತ್ತವನ್ನು ಸೊನ್ನೆ ಮಾಡುತ್ತೇವೆ ಎಂದು ಕೌಂಟರ್‌ನಲ್ಲಿ ಹೆಚ್ಚುವರಿ ಕವರ್ ಮಾರುತ್ತಾರೆ. ಒಂದೇ ದಿನದ ಬಾಡಿಗೆಗೆ, ಅದರಲ್ಲೂ ಮೊದಲ ಬಾರಿ ಬಲಬದಿಯಲ್ಲಿ ಓಡಿಸುವವರಿಗೆ, ಅದು ದಂಡವಲ್ಲ ಎನ್ನುವುದು ಈ ಲೇಖನದ ಅಭಿಪ್ರಾಯ. ಟೈರ್, ಗಾಜು, ಕಾರಿನ ಅಡಿಭಾಗ ಸೇರಿವೆಯೇ ಎಂದು ಮಾತ್ರ ಕೇಳಿ. ಬೇರೆ ವೆಬ್‌ಸೈಟ್‌ನಲ್ಲಿ ಕಡಿಮೆಗೆ ಕೊಂಡ ಕವರ್ ಆದರೆ ಮೊದಲು ನೀವು ಹಣ ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು.

ಬುಕ್ ಮಾಡುವಾಗ ಉಚಿತವಾಗಿ ರದ್ದು ಮಾಡಬಹುದಾದದ್ದನ್ನೇ ಆರಿಸಿ. ಗಾಳಿ ಜೋರಾಗಿದ್ದರೆ ಹಡಗು ಬಂದರನ್ನೇ ಬದಲಿಸಬಹುದು. ಭಾನುವಾರ ಊರೊಳಗಿನ ಕಚೇರಿಗಳು ಮುಚ್ಚಿರುತ್ತವೆ, ವಾರದ ದಿನಗಳಲ್ಲೂ ಮಧ್ಯಾಹ್ನ ಊಟದ ಹೊತ್ತಿಗೆ ಎರಡು-ಮೂರು ಗಂಟೆ ಬಾಗಿಲು ಹಾಕುವುದು ಸಾಮಾನ್ಯ. ಆ ಹೊತ್ತಿನಲ್ಲಿ ಕೀ ಡಬ್ಬಿಯೊಳಗೆ ಹಾಕಿ ಹೋಗಬೇಕಾದರೆ ಕಾರಿನ ನಾಲ್ಕೂ ಬದಿ, ಪೆಟ್ರೋಲ್ ಮುಳ್ಳು, ಕಿ.ಮೀ. ಮೀಟರ್ ಎಲ್ಲದರ ವಿಡಿಯೊ ತೆಗೆದುಕೊಳ್ಳಿ. ಗೇರ್ ಇಲ್ಲದ ಕಾರು ಬೇಕಿದ್ದರೆ ಮೊದಲೇ ಹೇಳಬೇಕು, ಯೂರೋಪಿನಲ್ಲಿ ಅದು ಕಡಿಮೆ, ಬೆಲೆಯೂ ಜಾಸ್ತಿ. ಮ್ಯಾನ್ಯುವಲ್‌ನಲ್ಲಿ ಗೇರ್ ಬಲಗೈಗೆ ಬರುತ್ತದೆ.

ಜಡ್‌ಟಿಎಲ್: ಮನೆಗೆ ಬರುವ ದಂಡ

ಇಟಲಿಯ ಹಳೆಯ ನಗರಗಳ ಒಳಭಾಗಕ್ಕೆ ಹೊರಗಿನ ವಾಹನಗಳಿಗೆ ಪ್ರವೇಶವಿಲ್ಲ. ಈ ವಲಯವನ್ನು ಜಡ್‌ಟಿಎಲ್ ಎನ್ನುತ್ತಾರೆ. ಫ್ಲಾರೆನ್ಸ್, ಪೀಸಾ, ಲುಕ್ಕಾ, ಸಿಯೆನಾ ಎಲ್ಲ ಕಡೆ ಇದೆ. ಗೇಟ್ ಇಲ್ಲ, ಪೊಲೀಸ್ ಇಲ್ಲ. ಬಿಳಿ ವೃತ್ತದ ಸುತ್ತ ಕೆಂಪು ಬಳೆ ಇರುವ ಬೋರ್ಡ್, ಅದರ ಜತೆ ಕ್ಯಾಮೆರಾ ಅಷ್ಟೇ. ಪಕ್ಕದಲ್ಲಿ 'ವಾರ್ಕೊ ಅತ್ತಿವೊ' ಎಂದು ಬೆಳಗುತ್ತಿದ್ದರೆ ನಿರ್ಬಂಧ ಜಾರಿಯಲ್ಲಿದೆ ಎಂದರ್ಥ. 'ಅತ್ತಿವೊ' ಎಂದರೆ ದಾರಿ ತೆರೆದಿದೆ ಎಂದುಕೊಂಡು ನುಗ್ಗಿದವರು ಬಹಳ. ಗೂಗಲ್ ಮ್ಯಾಪ್ ಪ್ರತಿ ಬಾರಿಯೂ ಎಚ್ಚರಿಸುತ್ತದೆ ಎಂದು ನಂಬುವಂತಿಲ್ಲ.

ಒಂದು ಪ್ರವೇಶಕ್ಕೆ 80 ಯೂರೊಗಿಂತ ಹೆಚ್ಚು ದಂಡ, ಅದರ ಮೇಲೆ ನೋಟಿಸ್ ಖರ್ಚು. ದಾರಿ ತಪ್ಪಿ ಎರಡು ಕ್ಯಾಮೆರಾ ದಾಟಿದರೆ ಎರಡು ದಂಡ ಬೀಳಬಹುದು. ಪೊಲೀಸರಿಗೆ ನಿಮ್ಮ ವಿಳಾಸ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿ ತನ್ನ ಶುಲ್ಕವನ್ನು ನಿಮ್ಮ ಕಾರ್ಡ್‌ನಿಂದ ಬೇರೆಯಾಗಿ ಕಡಿತ ಮಾಡುತ್ತದೆ, ಅದು ದಂಡವಲ್ಲ. ದಂಡದ ಪತ್ರ ಆಮೇಲೆ ಬರುತ್ತದೆ. ವಿದೇಶಿಯರಿಗೆ ನೋಟಿಸ್ ಕೊಡಲು ಇಟಲಿಯ ಕಾನೂನಿನಲ್ಲಿ 360 ದಿನಗಳ ಅವಕಾಶವಿದೆ. ಪತ್ರ ತಲುಪಿದ ಐದು ದಿನದೊಳಗೆ ಕಟ್ಟಿದರೆ ಶೇ. 30 ರಿಯಾಯಿತಿ.

ಲಿವೊರ್ನೊದಿಂದ ಫ್ಲಾರೆನ್ಸ್‌ಗೆ ಹೋಗುವ ರಸ್ತೆಯ ಹೆಸರು ಫಿ-ಪಿ-ಲಿ. ಫಿರೆಂಝೆ, ಪೀಸಾ, ಲಿವೊರ್ನೊ ಹೆಸರುಗಳ ಮೊದಲಕ್ಷರ ಸೇರಿಸಿ ಮಾಡಿದ್ದು. ಕಾರುಗಳಿಗೆ ಟೋಲ್ ಇಲ್ಲ, ಆದರೆ ಸ್ಪೀಡ್ ಕ್ಯಾಮೆರಾಗಳಿಗೆ ಕೊರತೆಯೂ ಇಲ್ಲ. ಟೋಲ್ ಇರುವ ದೊಡ್ಡ ಹೆದ್ದಾರಿಗಳಲ್ಲಿ ಮಿತಿ ಗಂಟೆಗೆ 130 ಕಿ.ಮೀ., ಮಳೆ ಬಂದರೆ 110, ಊರೊಳಗೆ 50. ಪಾರ್ಕಿಂಗ್‌ನಲ್ಲಿ ನೀಲಿ ಗೆರೆ ಅಂದರೆ ಹಣ ಕಟ್ಟಬೇಕು, ಹಳದಿ ಮೀಸಲು, ಬಿಳಿ ಸಾಮಾನ್ಯವಾಗಿ ಉಚಿತ. ಬಂಕ್‌ನಲ್ಲಿ 'ಬೆಂಝಿನಾ' ಪೆಟ್ರೋಲ್, 'ಗಸೋಲಿಯೊ' ಡೀಸೆಲ್. ಇದೊಂದನ್ನು ಕೈಮೇಲೆ ಬರೆದುಕೊಂಡರೂ ನಷ್ಟವಿಲ್ಲ.

ಬಲಬದಿಯ ಸಂಚಾರ ಅರ್ಧ ಗಂಟೆಯಲ್ಲಿ ರೂಢಿಯಾಗುತ್ತದೆ. ಅಪಾಯ ಇರುವುದು ಆಮೇಲೆ, ಊಟ ಮುಗಿಸಿ ಪಾರ್ಕಿಂಗ್‌ನಿಂದ ಖಾಲಿ ರಸ್ತೆಗೆ ಇಳಿಯುವಾಗ. ಮುಂದೆ ಯಾವ ವಾಹನವೂ ಇಲ್ಲದಿದ್ದರೆ ಕೈ ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ವೃತ್ತಗಳಲ್ಲೂ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸುತ್ತಬೇಕು. ಪಕ್ಕದ ಸೀಟಿನಲ್ಲಿ ಕೂತವರಿಗೆ ಇದನ್ನು ನೆನಪಿಸುವ ಕೆಲಸ ಕೊಡಿ. ಅಪಘಾತವಾದರೆ ತುರ್ತು ನಂಬರ್ ನಮ್ಮಲ್ಲಿನಂತೆಯೇ 112.

ಹಾಗಾದರೆ ಎಲ್ಲಿಗೆ ಹೋಗಬೇಕು?

ಫ್ಲಾರೆನ್ಸ್ ಒಂದನ್ನೇ ನೋಡುವುದಾದರೆ ಕಾರು ಬೇಡ. ಕಾರು ಒಳಗೆ ಹೋಗುವುದಿಲ್ಲ, ರೈಲು ನಗರದ ನಡುವೆಯೇ ಇಳಿಸುತ್ತದೆ. ಕಾರಿನಲ್ಲೇ ಹೋಗಬೇಕೆಂದರೆ ಎ1 ಹೆದ್ದಾರಿಯಿಂದ ನೇರ ಪ್ರವೇಶವಿರುವ ವಿಲ್ಲಾ ಕೊಸ್ತಾನ್ಸಾ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಟ್ರಾಮ್ ಹಿಡಿಯಬಹುದು. ಪೀಸಾಕ್ಕೂ ರೈಲೇ ಸಲೀಸು, ಇರುವುದು ಇಪ್ಪತ್ತು ಚಿಲ್ಲರೆ ಕಿ.ಮೀ.

ಕಾರಿಗೆ ಅರ್ಥ ಬರುವುದು ರೈಲು ಮುಟ್ಟದ ಜಾಗಗಳಲ್ಲಿ. ಗುಡ್ಡದ ಮೇಲಿನ ವೊಲ್ತೆರಾ, ಮಧ್ಯಯುಗದ ಕಲ್ಲಿನ ಗೋಪುರಗಳ ಸಾನ್ ಜಿಮಿನ್ಯಾನೊ, ದಕ್ಷಿಣಕ್ಕೆ ಸುಮಾರು 5 ಕಿ.ಮೀ. ಉದ್ದದ ಸೈಪ್ರೆಸ್ ಮರಗಳ ಸಾಲು ಇರುವ ಬೊಲ್ಗೆರಿ. ಸಾನ್ ಜಿಮಿನ್ಯಾನೊಗೆ ಹೋಗಲು ಒಂದೂವರೆ ಗಂಟೆ, ಬರಲು ಅಷ್ಟೇ. ಆರು ಗಂಟೆಯಲ್ಲಿ ಮೂರು ದಾರಿಗೆ ಹೋಯಿತು. ಹಾಗಾಗಿ ಒಂದೇ ಊರು ಆರಿಸಿ. ದಾರಿಯಲ್ಲಿ ಲುಕ್ಕಾವನ್ನೂ ನೋಡಿಬಿಡೋಣ ಎಂಬ ಆಸೆ ಬಂದಲ್ಲಿಗೆ ಹಡಗಿನ ಗಡುವು ಅಪಾಯಕ್ಕೆ ಬಿದ್ದಂತೆ.

ಹತ್ತಿರದ ಬಂದರುಗಳು

ಸಿಂಗಾಪುರದಿಂದ ಹೊರಡುವ ಕ್ರೂಸ್‌ಗಳು ನಿಲ್ಲುವ ಪೆನಾಂಗ್‌ನಲ್ಲಿ ಹಡಗು ಜಾರ್ಜ್‌ಟೌನ್‌ನ ಸ್ವೆಟೆನ್‌ಹ್ಯಾಮ್ ಪಿಯರ್‌ಗೆ ಬರುತ್ತದೆ. 2008ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಳೆಯ ನಗರ ನಡಿಗೆಯ ದೂರದಲ್ಲೇ ಇದೆ. ಪೆನಾಂಗ್ ಹಿಲ್, ಕೆಕ್ ಲೋಕ್ ಸಿ ದೇವಾಲಯಕ್ಕೆ ಗ್ರ್ಯಾಬ್ ಟ್ಯಾಕ್ಸಿ ಸಾಕು. ಮಲೇಷ್ಯಾದಲ್ಲಿ ಎಡಬದಿಯ ಸಂಚಾರ, ನಮಗೆ ಸುಲಭ. ಆದರೂ ದ್ವೀಪ ಪೂರ್ತಿ ಸುತ್ತುವ ಇರಾದೆ ಇಲ್ಲದಿದ್ದರೆ ಕಾರಿನ ಅಗತ್ಯ ಕಾಣುವುದಿಲ್ಲ.

ದುಬೈನಲ್ಲಿ ಬಲಬದಿ. ಪ್ರವಾಸಿ ವೀಸಾದಲ್ಲಿ ಬಂದ ಭಾರತೀಯರಿಗೆ ಡಿಎಲ್ ಜತೆ ಐಡಿಪಿ ಬೇಕು. ಸಾಲಿಕ್ ಟೋಲ್ ತಾನಾಗಿ ಕಡಿತವಾಗಿ ಬಾಡಿಗೆ ಬಿಲ್‌ಗೆ ಸೇರುತ್ತದೆ. ಅಲ್ಲಿ ಬಂಧುಬಳಗ ಇರುವ ಕನ್ನಡಿಗರು ಕಡಿಮೆಯಿಲ್ಲ, 'ನನ್ನ ಕಾರೇ ತಗೊಂಡು ಹೋಗು' ಎನ್ನುವ ಭಾವನೂ ಇರುತ್ತಾರೆ. ವಿಮೆ ನಿಮ್ಮನ್ನೂ ಒಳಗೊಂಡಿದೆಯೇ ಎಂದು ಕೇಳದೆ ಸ್ಟೀರಿಂಗ್ ಮುಟ್ಟಬೇಡಿ.

ಚೆನ್ನೈನಿಂದ 2023ರ ಜೂನ್‌ನಲ್ಲಿ ಶ್ರೀಲಂಕಾಗೆ ಅಂತಾರಾಷ್ಟ್ರೀಯ ಕ್ರೂಸ್ ಹೊರಟಾಗ ಹಂಬಂತೋಟ ಅದರ ಮೊದಲ ನಿಲ್ದಾಣವಾಗಿತ್ತು. ಶ್ರೀಲಂಕಾದಲ್ಲಿ ಐಡಿಪಿ ತೋರಿಸಿದರಷ್ಟೇ ಸಾಲದು, ಅದಕ್ಕೆ ಸ್ಥಳೀಯ ಮಾನ್ಯತೆ ಅಥವಾ ತಾತ್ಕಾಲಿಕ ಪರವಾನಗಿ ಪಡೆಯಬೇಕು. ಹಡಗು ನಿಂತ ಕೆಲವೇ ಗಂಟೆಗಳಲ್ಲಿ ಅದು ಆಗುವ ಕೆಲಸವಲ್ಲ. ಅಲ್ಲಿ ಡ್ರೈವರ್ ಸಮೇತ ಕಾರು ಮೊದಲೇ ಗೊತ್ತು ಮಾಡಿಕೊಂಡು, ವಾಪಸ್ ಬರಬೇಕಾದ ಗಂಟೆಯನ್ನು ಅವರ ಫೋನ್‌ಗೆ ಬರೆದು ಕಳುಹಿಸಿಬಿಡಿ.